ಗ್ರೂಪು ಬಿಟ್ಟದ್ದಕ್ಕೆ ಎಲೆ ಅಡಿಕೆ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ಅಂಥವಳಿಗೆ ಉಪನ್ಯಾಸಕರ ಪರೀಕ್ಷೆಗೆ ಓದಲು ಕೂತಾಗ ಒಂದು ಪುಟ ದಾಟಲಾಗಲಿಲ್ಲ. ಕೈ ತಾನಾಗಿಯೇ ಫೋನಿನತ್ತ ಹೋಗುತ್ತಿತ್ತು. ಅದು ಬೇರೆಯವರ ಕೈಯೆಂಬಂತೆ ಗಮನಿಸತೊಡಗಿದೆ. ಪಾಠ ಕಠಿಣವಾದಾಗ ಹೊರಡುತ್ತದೆ ಅಂದುಕೊಂಡಿದ್ದೆ. ಅಲ್ಲ, ಅರ್ಥವಾಗತೊಡಗಿದ ಕೂಡಲೇ ಹೊರಡುತ್ತಿತ್ತು. ಅದ್ಯಾಕೆಂದು ಇನ್ನೂ ತಿಳಿದಿಲ್ಲ.

ಒಂದು ಭಾನುವಾರ ರೀಲ್ಸ್ ನೋಡುವ ಆ್ಯಪ್ ಅಳಿಸಿ, ಇದ್ದಬದ್ದ ವಾಟ್ಸಾಪ್ ಗ್ರೂಪುಗಳನ್ನೆಲ್ಲ ಬಿಟ್ಟೆ. ಅದೇ ಭರದಲ್ಲಿ ನಮ್ಮ ಬಳಗದ ಗ್ರೂಪನ್ನೂ ಬಿಟ್ಟೆ. ಒಂದು ಮಾತು ಹೇಳಿ ಬಿಡಬೇಕೆಂದು ಹೊಳೆಯಲಿಲ್ಲ.

ನಮ್ಮವರು ಮುನಿಸಿಕೊಂಡರೆ ಬಾಯಿಬಿಟ್ಟು ಹೇಳುವುದಿಲ್ಲ. ಊಟದ ಸಾಲಿನಿಂದ ಸುಮ್ಮನೆ ಎದ್ದು ಹೋಗುತ್ತಾರೆ. ಆಮೇಲೆ ಹಿರಿಯರೊಬ್ಬರು ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿ ಸಮಾಧಾನ ಮಾಡಬೇಕು. ನಾನು ಗ್ರೂಪು ಬಿಟ್ಟದ್ದು ಕಂಡದ್ದೇ ಸಿರುಗುಪ್ಪದಲ್ಲಿರುವ ಅವ್ವನ ತವರಿನವರಲ್ಲಿ ತರ್ಕ ಶುರುವಾಗಿದೆ. ಬಳಗದವರೊಬ್ಬರ ಸೀಮಂತದಲ್ಲಿ ನನಗೆ ಕೊಟ್ಟ ಸೀರೆ ಸರಿಯಿರಲಿಲ್ಲವೆಂದು ಒಬ್ಬರು, ನನ್ನ ಮದುವೆಯ ಮಾತೆತ್ತಿದ್ದಕ್ಕೆಂದು ಇನ್ನೊಬ್ಬರು.

ಬುಧವಾರ ಬೆಳಿಗ್ಗೆ ಬಳ್ಳಾರಿಯ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ಸೋದರಮಾವ ನಿಂತಿದ್ದರು. ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ಕೂರಲೂ ಒಲ್ಲೆನೆಂದರು.

“ಯಾರು ಏನಂದ್ರು ಹೇಳವ್ವ. ನಾನ್ ಅದೀನಿ.”

“ಯಾರೂ ಏನೂ ಅಂದಿಲ್ರಿ ಮಾವ. ಓದಾಕ ಆಗವಲ್ದು, ಅದಕ್ಕ ಬಿಟ್ಟೀನಿ.”

ಅವರು ನಂಬಲಿಲ್ಲ. ಓದಿಗೂ ಬಳಗಕ್ಕೂ ಏನು ಸಂಬಂಧ ಎಂದು ಕೇಳಿದರು. ನನ್ನ ಕೈಯ ಕತೆ ಹೇಳಿದೆ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು.

“ಹಂಗಾರ ಓದು, ನೋಡೂಣು,” ಎಂದು ಗೋಡೆಗೆ ಒರಗಿ ಕೂತರು.

ಇತಿಹಾಸದ ಪುಸ್ತಕ ತೆರೆದು ಜೋರಾಗಿ ಓದಿದೆ. ಪಾಳೇಗಾರನೊಬ್ಬನ ಕೋಟೆಗೆ ಮುತ್ತಿಗೆ ಬಿದ್ದಿದೆ, ಒಳಗೆ ನೀರು ತೀರುತ್ತ ಬಂದಿದೆ. ಎಂದಿನಂತೆ ಕೈ ಹೊರಡುವ ಹೊತ್ತಿಗೆ ಮಾವ “ಆಮ್ಯಾಲೆ?” ಎಂದರು. ಪುಟ ತಿರುಗಿಸಿದೆ. ಮತ್ತೆ “ಆಮ್ಯಾಲೆ?” ಎಂದರು. ಹೀಗೆ ಎಷ್ಟು ಪುಟವಾಯಿತೋ, ಸಿರುಗುಪ್ಪದ ಬಸ್ಸಿನ ನೆನಪಾಗಿ ತಟ್ಟನೆ ಎದ್ದರು. ಹೋಗುವ ಮುಂಚೆ ತಮ್ಮ ಫೋನಿಗೆ ಬಾಯಿ ಹಚ್ಚಿ ಗ್ರೂಪಿಗೆ ಹೇಳಿದರು: “ಮುನಿಸಿಲ್ಲ, ಏನಿಲ್ಲ. ಹುಡುಗಿ ಓದಾಕತ್ತಾಳ. ಸುದ್ದಿ ಇದ್ರ ನನಗ ಹೇಳ್ರಿ, ನಾನು ಮುಟ್ಟಿಸ್ತೀನಿ.”

ಸಂಜೆ ಅವರದೇ ಫೋನು. ಸುದ್ದಿ ಏನೂ ಇರಲಿಲ್ಲ. ಕೋಟೆ ಉಳಿಯಿತೋ ಬಿತ್ತೋ ಎಂದು ಕೇಳಿದರು. ಬಿತ್ತು ಅಂದೆ. ಒಳಗಿನವರು ಎಲ್ಲಿಗೆ ಹೋದರು ಅಂದರು. ಅದು ಮುಂದಿನ ಅಧ್ಯಾಯದಲ್ಲಿತ್ತು. ನಾಳೆ ಹೇಳುತ್ತೇನೆಂದು ಫೋನಿಟ್ಟು, ಪುಸ್ತಕ ತೆರೆದೆ.