ಹೆಜ್ಜೆಗಿಟ್ಟ ಕಜ್ಜಾಯ

ಚಳ್ಳಕೆರೆಯ ಆ ಚಿಕಿತ್ಸಾ ಕೇಂದ್ರಕ್ಕೆ ನಾನು ಹೋಗುತ್ತಿದ್ದುದು ನನ್ನ ಮಂಡಿಯ ಸಲುವಾಗಿ. ಐವತ್ಮೂರು ವರ್ಷ ನನ್ನಂಥವನನ್ನು ಹೊತ್ತು ಅದು ಮುನಿಸಿಕೊಂಡಿತ್ತು. ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಫೋನ್ ನೋಡುತ್ತ ಒಳಗೆ ಕಾಲಿಟ್ಟೆ. ಪಾದದಡಿ ಏನೋ ಮೆತ್ತಗೆ ಕುಸಿಯಿತು. ನೋಡಿದರೆ ಕಜ್ಜಾಯ. ನೆಲಕ್ಕೆ ಹೊಸ ಟವೆಲ್ ಹಾಸಿ, ಅದರ ಮೇಲೆ ಒಂದೇ ಒಂದು ಕಜ್ಜಾಯ ಇಟ್ಟಿದ್ದರು. ಬೆಲ್ಲ, ಎಣ್ಣೆ, ಗಸಗಸೆ ಸಮೇತ ಅದೀಗ ನನ್ನ ಹಿಮ್ಮಡಿಗೆ ಅಂಟಿಕೊಂಡಿತ್ತು.

ಗಾಲಿಕುರ್ಚಿಯಲ್ಲಿದ್ದ ಹುಡುಗಿ ಒಮ್ಮೆ ನನ್ನ ಕಾಲು, ಒಮ್ಮೆ ನನ್ನ ಮುಖ ನೋಡಿದಳು.

"ಈಗ ನಡಿಯಾಕೆ ಬಂತಾ ಸಾರ್? ಒಳ್ಳೇದಾತು."

ಮಾತು ಎಳೆದೆಳೆದು ಬರುತ್ತಿತ್ತು, ತಾಗಬೇಕಾದಲ್ಲಿಗೇ ತಾಗಿತು.

ಮಗು ಮೊದಲ ಹೆಜ್ಜೆಯಿಟ್ಟಾಗ ಕಜ್ಜಾಯ ಮಾಡಿ, ಅದರ ಮೇಲೆ ಕಾಲಿಡಿಸಿ, ಬೀದಿಗೆಲ್ಲ ಹಂಚುವುದು ಮೊಳಕಾಲ್ಮುರಿನ ಈ ಹುಡುಗಿಯ ಮನೆಯ ಪದ್ಧತಿ. ತಾಯಿ ಯರ್ರಮ್ಮ ಅದಕ್ಕಾಗಿ ಹತ್ತೊಂಬತ್ತು ವರ್ಷ ಕಾದಿದ್ದರು.

ಹುಡುಗಿ ಜಗದಾಂಬ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡಿವೆ. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತದೆ. ಅದರಿಂದಲೇ ರಾಟೆ ತಿರುಗಿಸಿ, ಅಪ್ಪನ ಮಗ್ಗಕ್ಕೆ ರೇಷ್ಮೆ ನೂಲನ್ನು ಕಂಡಿಕೆಗೆ ಸುತ್ತುತ್ತಾಳೆ. ಹತ್ತನೇ ಕ್ಲಾಸಿನವರೆಗೆ ಅವಳನ್ನು ಶಾಲೆಗೆ ಮುಟ್ಟಿಸಿದ್ದು ಯರ್ರಮ್ಮನ ಸೊಂಟ. ಈಗ ಮಗಳು ತಾಯಿಗಿಂತ ಭಾರ, ತಾಯಿಯ ಸೊಂಟಕ್ಕೆ ಬೆಲ್ಟು. ಮಂಚದಿಂದ ಬಚ್ಚಲಿಗೆ, ಅವ್ವ ಎತ್ತದ ಹಾಗೆ, ನಾಲ್ಕು ಹೆಜ್ಜೆ: ಜಗದಾಂಬೆಗೆ ಬೇಕಿದ್ದುದು ಅಷ್ಟೇ.

ನಡೆಸುವ ರೋಬೋಟ್ ಒಂದು ಆ ಕೇಂದ್ರಕ್ಕೆ ಮೂರು ತಿಂಗಳ ಮಟ್ಟಿಗೆ ಬಂದಿತ್ತು. ಮೇಲಿನಿಂದ ಪಟ್ಟಿಗಳಲ್ಲಿ ತೂಗುಹಾಕಿ, ಮೋಟಾರಿನ ಲೋಹದ ಕಾಲುಗಳನ್ನು ನಮ್ಮ ಕಾಲಿಗೆ ಬಿಗಿದರೆ, ಕೆಳಗೆ ಓಡುವ ಪಟ್ಟೆಯ ಮೇಲೆ ಗೋಡೆಗೆ ಮುಖಮಾಡಿ ನಿಂತಲ್ಲೇ ಯಂತ್ರವೇ ಹೆಜ್ಜೆ ಎತ್ತಿ ಇಡಿಸುತ್ತದೆ. ಮೊದಲ ದಿನವೇ ಯರ್ರಮ್ಮ "ನಮ್ಮ ಹುಡುಗಿ ನಡೆದ್ಲು" ಎಂದು ಫೋನಿನಲ್ಲಿ ಊರಿಗೆಲ್ಲ ಸಾರಿ, ಬೆಲ್ಲಕ್ಕೆ ಹೇಳಿಕಳಿಸಿದ್ದರಂತೆ. ತಡೆದವಳು ಮಗಳೇ.

"ನಡೀತಿರಾದು ಮಿಷನ್ನು ಕಣವ್ವ. ಕಜ್ಜಾಯ ಅದಕ್ಕೆ ತಿನ್ನಿಸ್ತೀಯಾ? ಬಿಚ್ಚಿದ ಮ್ಯಾಲೆ ಇಡು."

ಅವತ್ತು ಮೂರು ತಿಂಗಳು ಮುಗಿದು ಬಿಚ್ಚಿದ ದಿನ. ನಾನು ತುಳಿದದ್ದನ್ನು ಬಳಿದು ತೆಗೆದು, ಯರ್ರಮ್ಮ ಇನ್ನೊಂದನ್ನು ಇಟ್ಟರು.

"ಏನೂ ಆಗಲ್ಲ ಬಿಡ್ರಿ ಸ್ವಾಮಿ, ಡಬ್ಬಿ ತುಂಬ ಐತೆ."

ನಾನು ಕಾಲು ತೊಳೆದು ಬಂದು, ಆದಷ್ಟು ಸಣ್ಣವನಾಗಿ ಮೂಲೆಯಲ್ಲಿ ಕೂತೆ.

ಥೆರಪಿಸ್ಟ್ ಪ್ರದೀಪ್ ಅವಳನ್ನು ಎರಡು ಸರಳುಗಳ ನಡುವೆ ನಿಲ್ಲಿಸಿದ. ಕಜ್ಜಾಯಕ್ಕೂ ಅವಳ ಹೆಬ್ಬೆರಳಿಗೂ ಒಂದು ಗೇಣು. ಬಲಗೈಯ ನರ ಉಬ್ಬಿತು. ಗದ್ದದಿಂದ ಬೆವರು ತೊಟ್ಟಿಕ್ಕಿತು. ಕಾಲು ನಡುಗಿತು, ಮೇಲೇಳಲಿಲ್ಲ.

"ಇಡು ತಲ್ಲೀ, ನನ್ನ ತಾಯಿ, ಒಂದೇ ಒಂದು," ಎಂದರು ಯರ್ರಮ್ಮ.

ಅವಳ ಮಂಡಿ ಮಡಚಿಕೊಂಡಿತು. ಪ್ರದೀಪ್ ಹಿಡಿದು ಬೆಂಚಿನ ಮೇಲೆ ಕೂರಿಸಿದ.

"ಮೊದ್ಲು ಅರ್ಧ ನಿಮಿಷ ನಿಲ್ತಿರ್ಲಿಲ್ಲ. ಇವತ್ತು ಎರಡು ನಿಮಿಷ ನಿಂತ್ಲಮ್ಮ. ಈ ಮಿಷನ್ನು ಚಿಕ್ಕೋಳಿದ್ದಾಗಲೇ ಸಿಕ್ಕಿದ್ರೆ..." ಎಂದ ಅವನು.

"ಮಿಷನ್ನು ಇನ್ನೊಂದು ತಿಂಗಳು ಇರಲ್ವಾ?" ಎಂದು ಕೇಳಿದರು ಯರ್ರಮ್ಮ.

"ನಾಳೆ ಬೇರೆ ಊರಿಗೆ ಹೋಗ್ತೈತೆ."

ಯರ್ರಮ್ಮ ಕಜ್ಜಾಯ ಎತ್ತಿ, ಊದಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ತಿಂಗಳಿಟ್ರೂ ಕೆಡಲ್ಲ," ಎಂದರು. ಯಾರೂ ಕೇಳಿರಲಿಲ್ಲ. ಪ್ರದೀಪ್ ನೆರವಿಗೆ ಬರುವಷ್ಟರಲ್ಲಿ ತಾವೇ ಬಗ್ಗಿ, ಮಗಳ ಕಂಕುಳಿಗೆ ಕೈಕೊಟ್ಟು ಕುರ್ಚಿಗೆ ಎತ್ತಿದರು. ಎತ್ತುವಾಗ ಅವರ ಬಾಯಿಂದ ಸಣ್ಣದೊಂದು ನರಳಿಕೆ ಹೊರಟಿತು. ಜಗದಾಂಬ ಕಣ್ಣು ಮುಚ್ಚಿಕೊಂಡಳು.

ನಗಿಸುವುದು ನನ್ನ ಕಸುಬು. ಅವತ್ತೊಂದು ದಿನ ರಜೆ ಹಾಕಬಹುದಿತ್ತು, ಬುದ್ಧಿ ಬರಲಿಲ್ಲ.

"ಮಿಷನ್ ಲೆಕ್ಕದಲ್ಲಿ ಮೂವತ್ತೊಂದು ಕಿಲೋಮೀಟರ್ ನಡೆದಿದೀಯಂತಲ್ಲಮ್ಮ," ಎಂದೆ. "ಎಲ್ಲೀತನಕ ಹೋಗಿದ್ದೆ?"

"ಎದುರಿನ ಗೋಡೇತನಕ ಸಾರ್," ಎಂದಳು ಜಗದಾಂಬ. "ಇನ್ನೂ ಮುಟ್ಟಿಲ್ಲ."