ದೊಡ್ಡಮ್ಮನ ಒಲೆಗೊಂದು ಪೆಟ್ಟಿಗೆ

ಯಾವಾಗಲೂ ಕೈಯಲ್ಲಿ ವೈರು ಹಿಡಿದಿರುತ್ತಾಳೆಂದು ಬೀದಿಯವರೆಲ್ಲ ಅವಳನ್ನು ವೈರಮ್ಮ ಎಂದೇ ಕರೆಯುತ್ತಿದ್ದರು. ಹೊಟ್ಟೆಪಾಡಿಗೆ ಅವಳು ಮಾಡುತ್ತಿದ್ದದ್ದು ಕಟ್ಟುಹಲ್ಲು. ಹಗಲೆಲ್ಲ ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಕಂಡವರ ಬಾಯಿಗೆ ಹಲ್ಲು ಜೋಡಿಸುವುದು, ಸಂಜೆ ಮನೆಗೆ ಬಂದು ಕಂಡಕಂಡ ಯಂತ್ರದ ಹೊಟ್ಟೆ ಬಗೆಯುವುದು. ಹಲ್ಲಿನ ಅಚ್ಚಿಗೆ ಮೇಣ ಕರಗಿಸುವ ಯಂತ್ರ ಕೆಟ್ಟಾಗ ರಿಪೇರಿಯವನು ಇವತ್ತು ನಾಳೆ ಎಂದು ಕಾಗೆ ಹಾರಿಸಿದ್ದಕ್ಕೆ ಸಿಟ್ಟಿಗೆದ್ದು ತಾನೇ ಬಿಚ್ಚಿದ್ದಳು. ಅಲ್ಲಿಂದ ಹತ್ತಿದ ಹುಚ್ಚು ಇಳಿದೇ ಇಲ್ಲ. ಈಗ ಆ ಮನೆಯಲ್ಲಿ ಟ್ಯಾಂಕು ತುಂಬಿದರೆ ಕೂಗುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಹನಿ ಬಿದ್ದರೆ ಅಡುಗೆಮನೆಯಲ್ಲಿ ಗಂಟೆ ಬಡಿದುಕೊಳ್ಳುತ್ತದೆ. "ನಮ್ಮನೇಲಿ ಬಾಯಿ ಇಲ್ಲದೇ ಇರೋನು ಅಂದ್ರೆ ನಾನೊಬ್ಬನೇ" ಎಂದು ಶಾಲೆಯ ವ್ಯಾನು ಓಡಿಸುವ ಅವಳ ಗಂಡ ಹೇಳುತ್ತಿದ್ದ. ಅದನ್ನು ಹೇಳಲು ಅವನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಮನೆಯ ಹಿಂದಿನ ಕೋಣೆ ದೊಡ್ಡಮ್ಮನದು. ತಾಯಿಯಿಲ್ಲದ ವೈರಮ್ಮನನ್ನು ಸಾಕಿ ಬೆಳೆಸಿದವಳು ಅಮ್ಮನ ಅಕ್ಕನಾದ ಈ ದೊಡ್ಡಮ್ಮನೇ. ಕೋಣೆಯಲ್ಲೊಂದು ಪುಟ್ಟ ಕರೆಂಟ್ ಒಲೆ ಇತ್ತು. ಹಾಲು ಕಾಯಿಸುವುದು, ಟೀ ಮಾಡಿಕೊಳ್ಳುವುದು ಎಲ್ಲ ಅವಳದೇ ಕೈಯಿಂದ ಆಗಬೇಕು. ಬೇರೆಯವರು ತಂದುಕೊಟ್ಟರೆ "ಇದು ಕಾಯಿಲೆಯವರ ಟೀ" ಎಂದು ಮೂಗು ಮುರಿಯುತ್ತಿದ್ದಳು. ಒಂದು ದಿನ ಹಾಲಿಟ್ಟು, ಮರೆತು, ಮಹಡಿಗೆ ಹೋದಳು. ಪಾತ್ರೆ ಕರಿಕಲಾಗಿ ಪಕ್ಕದ ಪರದೆಗೆ ಬೆಂಕಿ ತಗುಲಿತು.

"ಇನ್ನೊಂದ್ ಸಲ ಹೀಗಾದ್ರೆ ಆ ಒಲೆ ತೆಗೆದುಬಿಡ್ತೀನಿ" ಎಂದ ಗಂಡ. ಅವನೇನು ಕೆಟ್ಟವನಲ್ಲ, ಹೆದರಿದ್ದ. ವೈರಮ್ಮನಿಗೂ ಹೆದರಿಕೆಯೇ. ಆದರೆ ಒಲೆ ಹೋದರೆ ದೊಡ್ಡಮ್ಮ ತನ್ನ ಕೋಣೆಯಲ್ಲೇ ಊಟದ ಹೊತ್ತಿಗೆ ಕಾಯುವ ನೆಂಟಳಾಗುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಅದಾಗಕೂಡದು ಎಂದು ಹಟ ಹಿಡಿದಳು.

ಒಂದು ಪೆಟ್ಟಿಗೆ ಮಾಡಿದಳು. ಅದಕ್ಕೊಂದು ಕಣ್ಣು, ಕೋಣೆಯಲ್ಲಿ ಯಾರೂ ಇಲ್ಲವೆಂದು ಕಂಡರೆ ಸ್ವಲ್ಪ ಹೊತ್ತು ನೋಡಿ ಒಲೆಯ ಕರೆಂಟು ಕಡಿಯುತ್ತದೆ. ಹೊರಗೆ ಹೋಗಿ, ಒಳಗೆ ಬಂದು, ತಾನೇ ಪರೀಕ್ಷೆ ಮಾಡಿದಳು. ಹೋದಾಗ ಆರುತ್ತಿತ್ತು, ಇದ್ದಾಗ ಉರಿಯುತ್ತಿತ್ತು. "ಯಾರೂ ಇಲ್ದಾಗ ಮಾತ್ರ ಆರಿಸುತ್ತೆ, ನೀನು ನಿಶ್ಚಿಂತೆಯಾಗಿರು" ಎಂದು ದೊಡ್ಡಮ್ಮನಿಗೆ ಹೇಳಿ ಬೀಗಿದಳು.

ಕೆಲವು ದಿನ ಕಳೆದಿರಬೇಕು, ದೊಡ್ಡಮ್ಮ ಟೀ ಮಾಡುವುದನ್ನೇ ಬಿಟ್ಟಳು. ಕೇಳಿದರೆ, "ಒಲೆ ತಗೊಂಡ್ ಹೋಗು" ಎಂದಳು.

"ಯಾಕೆ, ಏನಾಯ್ತು?"

"ಹಾಲಿಟ್ಟು ಎದುರಿಗೇ ಕೂತಿರ್ತೀನಿ. ನೋಡಿದ್ರೆ ಒಲೆ ಆರಿರುತ್ತೆ. ನಿನ್ ಪೆಟ್ಟಿಗೆ ಆರಿಸೋದು ಯಾರೂ ಇಲ್ದಾಗ ತಾನೆ? ನಾನು ಇದ್ದೆನಲ್ಲ. ಅಂದ್ರೆ ಆರಿಸಿದ್ದು ನಾನೇ. ಅದೂ ನೆನಪಿಲ್ಲ ಅಂದ್ಮೇಲೆ ನನ್ ತಲೆ ಕೆಟ್ಟಿದೆ ಅಂತಾನೇ ಅರ್ಥ."

"ಈಗೊಂದ್ ಸಲ ಹಾಲಿಡು" ಎಂದು ವೈರಮ್ಮ ಹೊರಗೆ ಹೋಗಿ ಕಿಟಕಿಯಿಂದ ನೋಡಿದಳು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿಟ್ಟು, ಹಾಲನ್ನೇ ನೋಡತೊಡಗಿದಳು. ಮುಸುಕು ಹಾಕಿಟ್ಟ ಹೊಲಿಗೆ ಯಂತ್ರದ ಹಾಗೆ, ಒಂದಿಷ್ಟೂ ಅಲುಗಾಟವಿಲ್ಲ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಟಕ್ ಎಂದಿತು.

ಆ ಕಣ್ಣಿಗೆ ಕಾಣುವುದು ಅಲುಗಾಡುವ ಜನ ಮಾತ್ರ. ವೈರಮ್ಮನೋ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಪರೀಕ್ಷೆ ಮಾಡುವಾಗ ಒಂದು ಗಳಿಗೆಯಾದರೂ ಸುಮ್ಮನೆ ನಿಂತಿದ್ದರೆ ತಾನೆ ಗೊತ್ತಾಗುವುದು! ಅಚ್ಚು ತೆಗೆಯದೆ ಯಾರ ಬಾಯಿಗೂ ಹಲ್ಲು ಕಟ್ಟದವಳು, ದೊಡ್ಡಮ್ಮನ ಪೆಟ್ಟಿಗೆಯನ್ನು ತನ್ನ ಅಳತೆಗೆ ಮಾಡಿಟ್ಟಿದ್ದಳು. ನಾಚಿಕೆಯಿಂದ ಅವಳ ಕಣ್ಣು ತುಂಬಿ ಬಂತು.

"ದೊಡ್ಡಮ್ಮ, ಆರಿಸಿದ್ದು ನೀನಲ್ಲ, ಪೆಟ್ಟಿಗೆ. ತಪ್ಪು ನಂದು."

ಸಮಾಧಾನವಾಗುವ ಬದಲು ದೊಡ್ಡಮ್ಮನಿಗೆ ರೇಗಿತು. "ಇಷ್ಟು ದಿನ ನನ್ನನ್ನೇ ನಾನು ಬೈಕೊಂಡೆನಲ್ಲೇ" ಎಂದು ಆ ಸಂಜೆಯೆಲ್ಲ ಮಾತು ಬಿಟ್ಟಳು.

"ಸಾಕು ಮಾಡು, ತೆಗೆದುಬಿಡೋಣ" ಎಂದ ಗಂಡ.

"ಪೆಟ್ಟಿಗೆ ಬೇಕಾದ್ರೆ ತೆಗೀತೀನಿ, ಒಲೆ ತೆಗಿಯಲ್ಲ" ಎಂದಳು ವೈರಮ್ಮ.

ಕಣ್ಣಿನ ಜೊತೆಗೆ ಕುರ್ಚಿಯ ದಿಂಬಿನೊಳಗೂ ಒಂದು ಸ್ವಿಚ್ಚು ಇಟ್ಟಳು. ಅದು ವೈರಮ್ಮನ ಭಾರಕ್ಕೆ ಒತ್ತಿಕೊಂಡಿತು, ಹಂಚಿಕಡ್ಡಿಯಂತಿದ್ದ ದೊಡ್ಡಮ್ಮನ ಭಾರಕ್ಕೆ ಜಪ್ಪಯ್ಯ ಎನ್ನಲಿಲ್ಲ. ಬಿಚ್ಚಿದಳು. ತೆಳು ತಗಡಿನ ಹಾಳೆಗಳ ನಡುವೆ ಸ್ಪಂಜು ಇಟ್ಟು ಮತ್ತೆ ಹೊಲಿದಳು. ಪ್ರತಿ ಸಲವೂ ದೊಡ್ಡಮ್ಮನನ್ನೇ ಕರೆದು ಕೂರಿಸಿ, ಅವಳ ಭಾರಕ್ಕೆ ಒತ್ತಿಕೊಳ್ಳುವ ತನಕ ಬಿಡಲಿಲ್ಲ. ಕೂತು ಎದ್ದು ಬೇಸತ್ತ ದೊಡ್ಡಮ್ಮ ಕೊನೆಗೆ ಬಾಯಿ ಬಿಟ್ಟಳು:

"ಅದು ಆರಿಸಿದ್ರೆ ಅದೇ ಒಪ್ಕೋಬೇಕು. ಒಂದು ಕೆಂಪು ದೀಪ ಹಾಕು. ನಾನ್ ಬಂದು ನೋಡೋವರೆಗೂ ಉರೀತಿರ್ಲಿ."

ಮುಂದಿನ ರಜೆಯ ದಿನ ಗಂಡ ಏನೋ ಹುಡುಕುತ್ತ ಹಿಂದಿನ ಕೋಣೆಗೆ ಹೋದವನು ಬಾಗಿಲಲ್ಲೇ ನಿಂತ. ಕುರ್ಚಿ ಖಾಲಿ, ಒಲೆಯ ಮೇಲೆ ಹಾಲು, ಪೆಟ್ಟಿಗೆಯ ಮೇಲೆ ಕೆಂಪು ದೀಪ. ಅವನು ಕರೆದದ್ದಕ್ಕೆ ವೈರಮ್ಮ ಓಡಿ ಬಂದಳು. ಅಷ್ಟರಲ್ಲಿ ಮಡಿಸಿದ ಬಟ್ಟೆ ಹೊತ್ತು ದೊಡ್ಡಮ್ಮನೂ ಮಹಡಿಯಿಂದ ಇಳಿದಳು.

ದೊಡ್ಡಮ್ಮ ದೀಪ ನೋಡಿದಳು, ಖಾಲಿ ಕುರ್ಚಿ ನೋಡಿದಳು. "ಈ ಸಲ ಪೆಟ್ಟಿಗೆ ತಪ್ಪಲ್ಲ. ನಾನೇ ಮರೆತೆ" ಎಂದಳು. ದನಿ ತಗ್ಗಿಸಲಿಲ್ಲ. ಬಟ್ಟೆ ಕೆಳಗಿಟ್ಟು, ದೀಪ ಆರಿಸಿ, ಒಲೆ ಮತ್ತೆ ಹಚ್ಚಿದಳು.

ಗಂಡ ಪಾತ್ರೆ ಮುಟ್ಟಿ ನೋಡಿದ. ಉಗುರುಬೆಚ್ಚಗಿತ್ತು. "ಸರಿ, ಒಲೆ ಇರ್ಲಿ ಬಿಡಿ" ಎಂದ.

"ಇರ್ಲಿ ಅನ್ನೋಕೆ ನೀನ್ಯಾರಪ್ಪ?" ಎಂದಳು ದೊಡ್ಡಮ್ಮ, ಕುರ್ಚಿಯಲ್ಲಿ ಕೂರುತ್ತ. "ಒಲೆ ನಂದು. ಮರೆವೂ ನಂದೇ."