ಹಡಗಿನ ಮಾವ ದಡ ಸೇರಿಸಿದ ಕುರಿಗಳು

ಮಾವನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಚರ್ಮ ನಯವಾಗಿ, ಸಿಪ್ಪೆ ಸುಲಿದ ಕಡಲೆಬೀಜದ ಹಾಗೆ ಹೊಳೆಯುತ್ತಿತ್ತು. ಶಿರಾ ಸೀಮೆಯಲ್ಲಿ ಬೆರಳು ಊನವಾದವರನ್ನು ಕಂಡರೆ ಯಾವ ಕಡಲೆಕಾಯಿ ಮಿಲ್ಲು ಎಂದು ವಿಚಾರಿಸುವುದು ಒಂದು ಮರ್ಯಾದೆ. ಮಾವನನ್ನೂ ವಿಚಾರಿಸುತ್ತಿದ್ದರು. ಅವರು, "ಮಿಲ್ಲಲ್ಲ ಕಣಪ್ಪ, ಹಡಗು" ಎನ್ನುತ್ತಿದ್ದರು. ಕೇಳಿದವರು ಸ್ವಲ್ಪ ಯೋಚಿಸಿ, "ಹಡಗ್ನಾಗೂ ಕಡ್ಲೇಕಾಯಿ ಸುಲೀತಾರಾ?" ಎಂದು ಅಷ್ಟೇ ಮರ್ಯಾದೆಯಿಂದ ಮುಂದುವರಿಸುತ್ತಿದ್ದರು.

ಅವರು ನನ್ನ ತಾಯಿಗೆ ದೂರದಿಂದ ತಮ್ಮನಾಗಬೇಕು. ಹುಲಿಕುಂಟೆ ಕಡೆಯ ನಮ್ಮೂರಿನಲ್ಲಿ ನಮ್ಮ ಮನೆಗೆ ಎದುರು ಮನೆ. ಊರಿಗೆಲ್ಲ ಹಡಗಿನ ಮಾವ. ಸಮುದ್ರ ಕಾಣಬೇಕಾದರೆ ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ಒಂದು ಇಡೀ ದಿನದ ಪ್ರಯಾಣ. ಅಂಥ ಊರಿನ, ಕುರಿ ಸಾಕುವ ಮನೆಯ ಹಿರಿಮಗ ನೌಕಾಪಡೆ ಸೇರಿದ್ದು ಹೇಗೆಂದರೆ, ತುಮಕೂರಿನಲ್ಲಿ ಸೈನ್ಯಕ್ಕೆ ಆಳು ತೆಗೆದುಕೊಳ್ಳುತ್ತಾರೆಂದು ಹೋಗಿ ತಪ್ಪು ಸಾಲಿನಲ್ಲಿ ನಿಂತರಂತೆ. ಆ ಸಾಲು ಚಿಕ್ಕದಿತ್ತು, ನೆರಳಿನಲ್ಲಿತ್ತು. ಅವರ ಇಡೀ ಜೀವಮಾನದ ಆಯ್ಕೆಗೆ ಇದಕ್ಕಿಂತ ಗಹನವಾದ ಕಾರಣವನ್ನು ಅವರು ಎಂದೂ ಹೇಳಿಕೊಳ್ಳಲಿಲ್ಲ.

ಅವರಿಗೆ ಸಿಕ್ಕ ಹಡಗೂ ಒಂದು ವಿಚಿತ್ರ ಜಾತಿಯದು. ಮಿಕ್ಕ ಹಡಗುಗಳು ದಡಕ್ಕೆ ತಾಗದಿದ್ದರೆ ಸಾಕಪ್ಪ ಎಂದು ತೇಲುತ್ತಿರುತ್ತವೆ. ಇದು ಬೇಕೆಂದೇ ಹೋಗಿ ಮರಳಿಗೆ ಮೂತಿಯಿಟ್ಟು ಕೂರುತ್ತದೆ. ಕೂತ ಮೇಲೆ ಮೂತಿ ಎರಡಾಗಿ ಸೀಳಿ ಬಾಗಿಲು ತೆರೆಯುತ್ತದೆ, ಒಳಗಿನಿಂದ ಒಂದು ದೊಡ್ಡ ಹಲಗೆ ಸರಪಳಿಯ ಮೇಲೆ ಇಳಿಯುತ್ತದೆ, ಅದರ ಮೇಲೆ ಫಿರಂಗಿ ಗಾಡಿಗಳೂ ಬಂದೂಕಿನ ಸಿಪಾಯಿಗಳೂ ಶತ್ರುವಿನ ನೆಲಕ್ಕೆ ಇಳಿಯುತ್ತಾರೆ. ಮಾವ ಆ ಬಾಗಿಲಿನವರು. ಅವರ ತಾಯಿಗೆ ಇದನ್ನು ಮೊದಲ ರಜೆಯಲ್ಲಿ ವಿವರಿಸಿದಾಗ ಆ ಮುದುಕಿ ರಾಗಿ ಬೀಸುವುದನ್ನು ನಿಲ್ಲಿಸಿ, "ಬಾಗ್ಲು ತಗ್ಯಾಕೆ ಅಷ್ಟು ದೂರ ಹೋಗ್ಬೇಕಾಗಿತ್ತೇನ್ಲಾ? ನಮ್ ರೊಪ್ಪಕ್ಕೇ ಬಾಗ್ಲಿಲ್ಲ" ಎಂದಳಂತೆ.

ರೊಪ್ಪವೆಂದರೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿ. ಅದನ್ನು ನೋಡಿಕೊಂಡದ್ದು ಅವರ ತಮ್ಮ. ಹಿರಿಮಗ ಹೋದದ್ದರಿಂದ ಚಿಕ್ಕವನು ಶಾಲೆ ಬಿಟ್ಟು ಕುರಿಗಳ ಹಿಂದೆ ಹೊರಟ. ಬೇಸಿಗೆಯಲ್ಲಿ ಮಧುಗಿರಿ ದಾಟಿ ಪಾವಗಡದ ಕಡೆ ಮೇಯಿಸಿಕೊಂಡು ಬರುವಾಗ ಅವನ ಬಾಯಲ್ಲಿ ಅರ್ಧ ತೆಲುಗು ತುಂಬಿರುತ್ತಿತ್ತು. ಮದುವೆ ಮಾಡಿಕೊಳ್ಳಲಿಲ್ಲ, ಪುರಸೊತ್ತಾಗಲಿಲ್ಲ ಎನ್ನುತ್ತಿದ್ದ. ಅಣ್ಣನ ಮೇಲೆ ಕೋಪವಿರಲಿಲ್ಲ. ಯಾರಾದರೂ ಕೆಣಕಿದರೆ, "ಅವ್ನು ನೀರ್ ಹಿಂದೆ ಹೋದ, ನಾನು ಕುರಿ ಹಿಂದೆ ಹೋದೆ, ಇಬ್ರಿಗೂ ಮನೆ ಇಲ್ಲ" ಎಂದು ನಗುತ್ತಿದ್ದ. ಅವನಿಗಿದ್ದುದು ಆ ಹಿಂಡೊಂದೇ. ಪ್ರತಿ ಕುರಿಯ ತಾಯಿ, ಅಜ್ಜಿ, ಮುತ್ತಜ್ಜಿಯ ಗುಣಾವಗುಣಗಳು ಅವನಿಗೆ ಗೊತ್ತಿದ್ದವು.

ಮಾವನ ಇಡೀ ಸೇವೆಯಲ್ಲಿ ಯುದ್ಧವೆಂಬುದು ಅವರ ಬಾಗಿಲಿಗೆ ಬರಲಿಲ್ಲ. ವರ್ಷ ವರ್ಷವೂ ಖಾಲಿ ಮರಳಿನ ಮೇಲೆ, ಇಲ್ಲದ ಶತ್ರುವಿನ ಎದುರು, ಸಕಲ ಗಾಂಭೀರ್ಯದಿಂದ ಬಾಗಿಲು ತೆರೆದರು, ಮುಚ್ಚಿದರು. ಒಂದೇ ಒಂದು ಸಲ ಅದು ನಿಜವಾಗಿ ತೆರೆದದ್ದು ಚಂಡಮಾರುತ ಹಾಯ್ದು ಹೋದ ಒಂದು ದ್ವೀಪದಲ್ಲಿ, ಅಕ್ಕಿ ಮೂಟೆಗಳಿಗಾಗಿ. ಆ ಕತೆಯನ್ನು ನನಗೆ ಒಮ್ಮೆ ಮಾತ್ರ ಹೇಳಿದರು, ಜಗುಲಿಯ ಮೇಲೆ ಕೂತು ಹೊಗೆಸೊಪ್ಪು ತಿಕ್ಕುತ್ತಾ.

"ಹಸಿದಿದ್ರು ಕಣಳಿಯಪ್ಪ. ಹಡಗು ಕಂಡಿದ್ದೇ ಸಂತೋಷಕ್ಕೆ ಹೋ ಅಂತ ಓಡ್ಬಂದ್ಬುಟ್ರು. ಹಲಗೆ ಇನ್ನೂ ಮ್ಯಾಲೈತೆ, ಕೆಳಗಡೆ ಜನ. ಒಬ್ಬ ಹೆಂಗ್ಸು ಮಗೀನ ಎತ್ಕಂಡು ಸರಿಯಾಗಿ ಅದರಡಿಗೇ ಬಂದ್ಲು."

"ಆಗ ಸರಪಳಿ ಹಿಡಿದುಕೊಂಡಿರಾ?"

"ನಾನೇನು ಹಿಡ್ಕಳ್ಳಲಿಲ್ಲ. ಬಿಗಿ ಹಾಕಾಕೆ ಹೋದೆ, ಅದೇ ನನ್ನ ಹಿಡ್ಕಂತು." ಹೆಬ್ಬೆರಳನ್ನು ತೋರಿಸಿದರು. "ಅವಳು ಉಳ್ಕಂಡ್ಲು. ಅವಳ ಹಿಂದಿದ್ದ ಮುದುಕ ಉಳೀಲಿಲ್ಲ. ದಡ ಖಾಲಿ ಇರ್ಬೇಕು ಅಳಿಯಪ್ಪ. ನೀರ್ನಾಗೆ ಏನೂ ಆಗಲ್ಲ. ಎಲ್ಲಾ ಆಗೋದು ದಡದಾಗೆ."

ನಿವೃತ್ತರಾಗಿ ಬಂದ ವರ್ಷವೇ ಊರವರು ಅವರನ್ನು ಕೆರೆ ಸಂಘದ ಅಧ್ಯಕ್ಷರನ್ನಾಗಿ ಆರಿಸಿದರು. ಇಷ್ಟು ಕಾಲ ನೀರಿನಲ್ಲಿದ್ದವನಿಗೆ ನೀರಿನ ಜವಾಬ್ದಾರಿ ಕೊಡದೆ ಇನ್ಯಾರಿಗೆ ಕೊಡುವುದು ಎಂಬ ತರ್ಕಕ್ಕೆ ಯಾರೂ ಎದುರಾಡಲಿಲ್ಲ. ಕೆರೆಯಲ್ಲಿ ನೀರಿರಲಿಲ್ಲ. ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದು, ನಡುವಿನ ದಿಬ್ಬದ ಮೇಲೆ ತಮ್ಮನ ರೊಪ್ಪವಿತ್ತು. ಹೈಸ್ಕೂಲಿನ ಗುಮಾಸ್ತನೆಂಬ ಕಾರಣಕ್ಕೆ ನಾನು ಕಾರ್ಯದರ್ಶಿ. ಕೆರೆಯ ಒಳಗೇ, ಜಾಲಿಯ ನೆರಳಿನಲ್ಲಿ ಸಭೆ ಸೇರುತ್ತಿದ್ದೆವು. ನೀರಿಲ್ಲದ ಕೆರೆಗೆ ಮಾವನಷ್ಟು ನಿರ್ದುಷ್ಟವಾಗಿ ಅಧ್ಯಕ್ಷತೆ ವಹಿಸಿದವರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಆಮೇಲೆ ಒಂದು ವರ್ಷ ಮಳೆ ಬಂತು. ಬಂದದ್ದು ನಿಲ್ಲಲಿಲ್ಲ. ಒಂದು ಬೆಳಗ್ಗೆ ಮೇಲಿನ ಊರಿನ ಕೆರೆ ಒಡೆದು, ಅದರ ನೀರೆಲ್ಲ ನಮ್ಮ ಕೆರೆಗೆ ನುಗ್ಗಿತು. ಊಟದ ಹೊತ್ತಿಗೆ ಕೆರೆ ತುಂಬಿ, ದಿಬ್ಬವೊಂದು ದ್ವೀಪವಾಗಿ, ಅದರ ಮೇಲೆ ತಮ್ಮನೂ ಅವನ ಹಿಂಡೂ ನಿಂತಿದ್ದರು. ನೀರು ಇನ್ನೂ ಏರುತ್ತಿತ್ತು.

ಅಗ್ನಿಶಾಮಕ ದಳದ ರಬ್ಬರ್ ದೋಣಿಯವರು ಬಂದರು, ದಿಬ್ಬಕ್ಕೂ ಹೋದರು. ಮನುಷ್ಯರನ್ನು ಮಾತ್ರ ಕರೆತರುತ್ತೇವೆ, ಕುರಿಯ ಗೊರಸು ತಾಗಿದರೆ ದೋಣಿ ಹರಿಯುತ್ತದೆ ಎಂದರು. ತಮ್ಮ ಹತ್ತಲಿಲ್ಲ. ದೋಣಿ ಖಾಲಿ ಬಂತು. ಅವರಿಗೆ ಬೇರೆ ಊರುಗಳಿಂದ ಕರೆ ಬರುತ್ತಿದ್ದವು, ಹೊರಟುಹೋದರು. ಮಾವ ಮೊಬೈಲಿನಲ್ಲಿ ತಮ್ಮನಿಗೆ ಫೋನು ಮಾಡಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಆ ಕಡೆಯ ಮಾತು ಕೇಳುತ್ತಿತ್ತು.

"ಲೇ ಚಿಕ್ಕೋನೆ, ನೀರೆಲ್ಲಿಗಂಟ ಬಂತು?"

"ಬೇಲಿ ಮುಟ್ಟೈತೆ ಅಣ್ಣ. ನಿಂತ್ಕಳಂಗೆ ಕಾಣಲ್ಲ."

"ನಾನು ಬರ್ತೀನಿ. ಕುರೀನ ಹತ್ತಿಸ್ಕಂಡು ಬರ್ತೀನಿ, ಒಂದೂ ಬುಡಲ್ಲ."

"ಅದೆಂಗಣ್ಣ? ಇವು ದೋಣಿಗೆ ಹಾರಲ್ಲ."

"ಹಾರ್ಬೇಕಾಗಿಲ್ಲ ಕಣ್ಲಾ. ನಡ್ಕಂಡು ಬರ್ತವೆ. ಬಾಗ್ಲು ಇಡ್ತೀನಿ."

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಅವರ ವಯಸ್ಸು ಅರ್ಧ ಇಳಿದುಹೋಗಿತ್ತು. ಶಾಮಿಯಾನದವನ ನೀಲಿ ಡ್ರಮ್ಮುಗಳನ್ನು ತರಿಸಿ, ಅವುಗಳ ಮೇಲೆ ಬಿದಿರು, ಬಿದಿರಿನ ಮೇಲೆ ಹಲಗೆ ಬಿಗಿಸಿದರು. ಟ್ರಾಕ್ಟರ್ ಟ್ರೈಲರಿನ ಹಿಂಬಾಗಿಲನ್ನು ಕಳಚಿ ಮುಂಭಾಗಕ್ಕೆ ಕೀಲು ಹಾಕಿದರು. ಈಜು ಬಲ್ಲ ಒಬ್ಬನ ಕೈಲಿ ಹಗ್ಗ ಕಳಿಸಿ ದಡದಿಂದ ದಿಬ್ಬಕ್ಕೆ ಕಟ್ಟಿಸಿದರು. ಅದನ್ನು ಕೈಯಿಂದ ಜಗ್ಗುತ್ತಾ ತೆಪ್ಪ ಸಾಗಬೇಕು. ಹಿಂಭಾಗಕ್ಕೆ ಬೇರೆ ಹಗ್ಗ. "ದಡಕ್ಕೆ ನುಗ್ಗೋ ಮುಂಚೆ ಹಿಂದ್ಗಡೆ ಲಂಗರು ಬುಟ್ಟಿರ್ಬೇಕು. ಇಲ್ದಿದ್ರೆ ನುಗ್ಗಿದ್ದು ನುಗ್ಗಿದಂಗೇ, ವಾಪಸ್ ಬರಾಕಿಲ್ಲ" ಎಂದು ವಿವರಿಸಿದರು. ಸಂಘದ ಅಧ್ಯಕ್ಷರ ಬಾಯಿಂದ ನೀರಿನ ಬಗ್ಗೆ ಮೊದಲ ಸಲ ಅಧಿಕೃತ ಮಾತು ಹೊರಟಿತ್ತು.

ಇಳಿಸುವುದಕ್ಕೆ ಏರಿಯಿಂದ ದೂರದ, ಹುಣಸೆಮರದ ಹತ್ತಿರದ ಜಾಗ ಆರಿಸಿಕೊಂಡರು. ಅಲ್ಲಿ ನಾನೂ ಇನ್ನಿಬ್ಬರೂ ಮಾತ್ರ. ಮೊದಲ ಸಲ ತೆಪ್ಪ ಮೆಲ್ಲಗೆ ಬಂದು ಕೆಸರಿಗೆ ಮೂತಿಯಿಟ್ಟಿತು. ಮಾವ ಬಾಗಿಲು ಇಳಿಸಿದರು. ಕುರಿಗಳು ಒಂದನ್ನೊಂದು ಮೂಸಿಕೊಂಡು, ರೊಪ್ಪದಿಂದ ಮೇವಿಗೆ ಹೊರಟ ಹಾಗೆ ನಡೆದು ಬಂದವು. ಯಾವುದರ ಗೊರಸೂ ಒದ್ದೆಯಾಗಲಿಲ್ಲ. ದಿಬ್ಬದ ಮೇಲಿಂದ ತಮ್ಮ ಶಿಳ್ಳೆ ಹಾಕಿದ. ಮಾವ ನನ್ನತ್ತ ನೋಡಿ, "ಇಷ್ಟೇ ಕಣಳಿಯಪ್ಪ ನಮ್ ಕೆಲ್ಸ" ಎಂದರು. ಜೀವಮಾನವೆಲ್ಲ ಇಲ್ಲದ ಶತ್ರುವಿಗಾಗಿ ತೆರೆದ ಬಾಗಿಲು, ಕೊನೆಗೂ ಯಾರಿಗೋ ಬೇಕಾಗಿತ್ತು. ಆ ಮುಖವನ್ನು ಹಾಗೆ ನಾನು ಇನ್ನೊಮ್ಮೆ ಕಾಣಲಿಲ್ಲ.

ಅದೇ ಹೊತ್ತಿಗೆ ಏರಿಯ ಮೇಲೆ ಊರಿಗೆ ಊರೇ ಸೇರಿತ್ತು. ಇಷ್ಟು ವರ್ಷದ ಮೇಲೆ ತುಂಬಿದ ಕೆರೆಗೆ ಬಾಗಿನ ಕೊಡಬೇಕಲ್ಲ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ. ತಮಟೆಯವರು, ಪಟಾಕಿ, ಆರತಿ ತಟ್ಟೆಯ ಹೆಂಗಸರು. ಬಾಗಿನ ಬಿಡುತ್ತಿದ್ದಂತೆ ಯಾರೋ ಸುದ್ದಿ ಮುಟ್ಟಿಸಿದರು: ಹಡಗಿನ ಮಾವ ಹಡಗು ಕಟ್ಟಿದ್ದಾನೆ, ಕುರಿ ಇಳಿಸುತ್ತಿದ್ದಾನೆ. ನಮ್ಮೂರಿಗೆ ಮೊದಲ ಸಲ ಹಡಗು ಬಂದಿದೆ ಎಂದಮೇಲೆ ಆರತಿ ಎತ್ತದೆ ಬರಮಾಡಿಕೊಳ್ಳುವಷ್ಟು ಕೆಟ್ಟವರಲ್ಲ ನಾವು. ಜನ ತಮಟೆ ಸಮೇತ ಹುಣಸೆಮರದ ಕಡೆ ಹರಿದು ಬಂತು.

ತೆಪ್ಪ ಆಗ ಎರಡನೆಯ ಸಲ ತುಂಬಿಕೊಂಡು ದಡದ ಹತ್ತಿರ ಬರುತ್ತಿತ್ತು. ಮುಂದೆ ಹಿಂಡಿನ ದೊಡ್ಡ ಟಗರು ನಿಂತಿತ್ತು. ನಾನು ಜನರನ್ನು ತಡೆಯಲು ಕೈ ಅಗಲಿಸಿ ನಿಂತೆ. ನನ್ನನ್ನು ಪಕ್ಕಕ್ಕೆ ಸರಿಸಿದರು. ಮಾವ ಹಗ್ಗ ಬಿಟ್ಟು, ಹಿಂದೆ ಹೋಗಿ, ಹಿಂದೆ ಹೋಗಿ ಎಂದು ಎರಡೂ ಕೈ ಬೀಸಿದರು. ಜನವೂ ಸಂತೋಷದಿಂದ ಕೈ ಬೀಸಿತು. ತಮಟೆ ಏರಿತು. ಯಾರೋ ಸರಪಟಾಕಿ ಹಚ್ಚಿದರು.

ಟಗರು ತಿರುಗಿತು. ಅದು ತಿರುಗಿದ್ದೇ ಎಲ್ಲವೂ ತಿರುಗಿದವು. ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂಬಾಗಿಲು ಆಕಾಶಕ್ಕೆ ಎದ್ದಿತು, ಟಗರು ನೀರಿಗೆ ಹಾರಿತು, ಅದರ ಹಿಂದೆ ಎಲ್ಲವೂ ಹಾರಿದವು. ಕುರಿ ಈಜದ ಪ್ರಾಣಿಯೇನಲ್ಲ. ಆದರೆ ನೀರಿನಡಿಯಲ್ಲಿ ನಮ್ಮ ಜಾಲಿಯ ಕಾಡಿತ್ತು. ಉಣ್ಣೆಗೆ ಮುಳ್ಳು ಸಿಕ್ಕಿದರೆ ಬಿಡುವುದಿಲ್ಲ. ಅವು ಕೂಗಿಕೊಂಡ ಸದ್ದಿಗೆ ದಿಬ್ಬದ ಮೇಲೆ ಉಳಿದಿದ್ದ ಹಿಂಡೂ ನೀರಿಗಿಳಿಯಿತು. ತಮ್ಮ ಒಂದರ ಕಾಲು ಹಿಡಿದ, ಇನ್ನೊಂದರ ಕಿವಿ ಹಿಡಿದ, ಕೋಲು ಅಡ್ಡ ಹಿಡಿದು ಕಿರುಚಿದ. ತಮಟೆ ನಿಂತಾಗ ಅವನೊಬ್ಬನೇ ದಿಬ್ಬದ ಮೇಲಿದ್ದ.

ಮಾರನೆಯ ಬೆಳಗ್ಗೆ ಕೋಡಿ ಹರಿದು ನೀರು ಇಳಿಯತೊಡಗಿತು. ದಿಬ್ಬ ಮುಳುಗಲೇ ಇಲ್ಲ. ಬೇಲಿಯ ಒಳಗೆ ಹಿಂದಿನ ದಿನ ಒಟ್ಟಿದ ಸೊಪ್ಪನ್ನು ನೀರು ಮುಟ್ಟಿರಲಿಲ್ಲ. ತೆಪ್ಪದ ಹಗ್ಗ ಹಿಡಿದು ನೀರು ದಾಟಿ ಬಂದ ತಮ್ಮ, ಹುಣಸೆಮರದಡಿ ಕೂತಿದ್ದ ಅಣ್ಣನ ಎದುರು ನಿಂತು ಹೇಳಿದ್ದು ಇಷ್ಟೇ:

"ಸುಮ್ನಿದ್ದಿದ್ರೆ ಬದುಕ್ತಿದ್ವು ಕಣಣ್ಣ."

ಅದಾದ ಮೇಲೆ ಅವರಿಬ್ಬರ ನಡುವೆ ಮಾತಿಲ್ಲ. ಮೊದಲ ಸಲ ಇಳಿದು ಬಂದ ಕುರಿಗಳನ್ನು ತಮ್ಮ ಯಾರಿಗೋ ಕೊಟ್ಟುಬಿಟ್ಟು, ಹೆದ್ದಾರಿಯ ಒಂದು ಡಾಬಾದಲ್ಲಿ ಪಾತ್ರೆ ತೊಳೆಯಲು ಸೇರಿದ. ಮಾವ ಶಿರಾ ಬಸ್ಸು ಹತ್ತಿ ಹೋಗಿ ಡಾಬಾದ ಎದುರು ರಸ್ತೆಯಾಚೆ ನಿಲ್ಲುತ್ತಿದ್ದರು. ಅವನು ಒಳಗೆ ಹೋಗುತ್ತಿದ್ದ. ಮಾವ ಮುಂದಿನ ಬಸ್ಸಿಗೆ ವಾಪಸು ಬರುತ್ತಿದ್ದರು.

ಊರು ಮಾತ್ರ ತನ್ನ ಕರ್ತವ್ಯ ಮರೆಯಲಿಲ್ಲ. ಜೀವದ ಹಂಗು ತೊರೆದು ಕುರಿ ರಕ್ಷಿಸಿದ್ದಕ್ಕೆ ಮಾವನಿಗೆ ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನ ಮಾಡಬೇಕೆಂದು ಸಂಘ ಠರಾವು ಪಾಸು ಮಾಡಿತು. ಅವರು ಬರಲಿಲ್ಲ. ಅಧ್ಯಕ್ಷಗಿರಿಗೆ ರಾಜೀನಾಮೆ ಹೇಳಿ ಕಳಿಸಿದರು. ತುಂಬಿದ ಕೆರೆಯ ಅಧ್ಯಕ್ಷರನ್ನು ಬಿಡುವುದು ಅಪಶಕುನವೆಂದು ಸಂಘ ಅದನ್ನು ಒಪ್ಪಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅವರ ಹಳೆಯ ಜೊತೆಗಾರನೊಬ್ಬ ವಿಶಾಖಪಟ್ಟಣದಿಂದ ಫೋನು ಮಾಡಿ, ಅವರ ಹಡಗನ್ನು ಗುಜರಿಗೆ ಎಳೆದುಕೊಂಡು ಹೋದರೆಂದು ಹಿಂದಿಯಲ್ಲಿ ತಿಳಿಸಿದ. ಮಾವ, ಬಾಗಿಲು ಮುಚ್ಚಿತ್ತೋ ತೆರೆದಿತ್ತೋ ಎಂದು ಕೇಳಿದರು. ಆತ ನೋಡಿರಲಿಲ್ಲ.

"ಮುಚ್ಚಿರ್ತಾರೆ ಬುಡಿ ಮಾವ" ಎಂದೆ ನಾನು.

"ಮುಚ್ದೆ ಇದ್ರೆ ಯಾರಿಗೇನು ನಷ್ಟ ಈಗ" ಎಂದರು.

ಅವರು ತೀರಿಕೊಂಡದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂತಲ್ಲಿಯೇ. ಅತ್ತೆ ಮಜ್ಜಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಮಾಜಿ ಸೈನಿಕರ ಸಂಘದವರು ಬಾವುಟ ತಂದು ಹೊದಿಸಿದರು, ಸೆಲ್ಯೂಟು ಹೊಡೆದರು. ಆದರೆ ನಮ್ಮ ಕಡೆ ಕುರಿ ಸಾಕುವ ಮನೆಗಳಲ್ಲಿ, ಸತ್ತವರನ್ನು ಗುಣಿಗಿಳಿಸಿ ಮಣ್ಣು ಮುಚ್ಚುವ ಮುಂಚೆ ಮನೆಯ ಹಿಂಡಿನ ಉಣ್ಣೆಯಲ್ಲಿ ನೇಯ್ದ ಕಂಬಳಿ ಹೊದಿಸಬೇಕು. ಅದನ್ನು ಹೊದಿಸುವವನು ಹಿಂಡಿನ ಯಜಮಾನ. ಅಂಗಡಿಯ ಕಂಬಳಿ ಆದೀತೇ ಎಂದು ಹಿರಿಯರು ಗುಣಿಯ ಪಕ್ಕದಲ್ಲೇ ಚರ್ಚೆ ನಡೆಸುತ್ತಿದ್ದಾಗ ತಮ್ಮ ಬಂದ. ಹೆಗಲ ಮೇಲೆ ಕರಿಯ ಕಂಬಳಿಯಿತ್ತು, ಅವನ ಕುರಿಗಳದೇ, ಅಂಚು ಜೂಲು ಜೂಲಾದದ್ದು. ಆ ಹಿಂಡಿನದೆಂದು ಅವನ ಬಳಿ ಉಳಿದಿದ್ದುದು ಅದೊಂದೇ.

ಜನ ದಾರಿ ಬಿಟ್ಟರು. ಅವನು ಗುಣಿಯ ತಲೆಯ ಬದಿಗೆ ಬಂದು ನಿಂತ. ಅತ್ತೆ, "ಮೈದ..." ಎಂದರಷ್ಟೇ. ಬಿಸಿಲು ಸುಡುತ್ತಿತ್ತು. ಅವನ ಕುತ್ತಿಗೆಯಿಂದ ಬೆವರಿಳಿದು ಕಂಬಳಿಯೊಳಗೆ ಹೋಗುತ್ತಿತ್ತು. ಎರಡೂ ಕೈಗಳಿಂದ ಅದರ ಅಂಚನ್ನು ಎದೆಯ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಒಳಗೆ ನೋಡಿದ. ನಾವೆಲ್ಲ ಕಾದೆವು.

ಅವನು ಕಂಬಳಿಯನ್ನು ಇನ್ನೊಂದು ಸುತ್ತು ಬಿಗಿಯಾಗಿ ಹೊದ್ದುಕೊಂಡು, ಬಂದ ದಾರಿಯಲ್ಲೇ ಹೆದ್ದಾರಿಯ ಕಡೆ ನಡೆದ.